ಹಾರ್ಮೋನುಗಳ ವಿಸರ್ಜನೆ

ಪೂಜೆಯಲ್ಲಿ ಆವಾಹನೆಯು ಮೊದಲಿನ ಉಪಚಾರವಾದರೆ ವಿಸರ್ಜನೆಯು ಕಡೆಯದು. ಗೌರಿಯನ್ನಾಗಲಿ ಗಣಪತಿಯನ್ನಾಗಲಿ ಮನೆಗೆ ತಂದು ಪೂಜಿಸಿದವರು, ಕ್ರಮವಾಗಿ ನೀರಿಗೆ ಬಿಟ್ಟು ಬಂದ ಹೊರತು ವ್ರತವು ಪೂರ್ತಿಯಾಯಿತೆಂದು ಎಣಿಸುವುದಿಲ್ಲ. ನಮ್ಮ ಶರೀರವೂ ಇಂತಹುದೇ ಒಂದು ನಿಯಮವನ್ನು ಹಗಲಿರುಳೂ ನಡೆಯಿಸುತ್ತಿರುವುದು.

ಹಾರ್ಮೋನುಗಳು ಯಾವ ಗ್ರಂಥಿಗಳಲ್ಲಿ ಹುಟ್ಟುವುವು, ರಕ್ತದೊಡನೆ ಹರಿದು ಯಾವ ಯಾವ ಅವಯವಗಳಿಗೆ ಏನೇನು ಆಜ್ಞೆಗಳನ್ನು ಮುಟ್ಟಿಸುವುವು ಎಂಬುದನ್ನು ಈಗ ಪಾಠಶಾಲೆಯ ಬಾಲಕ ಬಾಲಿಕೆಯರೂ ಓದಿ ತಿಳಿದಿರುತ್ತಾರೆ. ಆಜ್ಞೆಯನ್ನು ಮುಟ್ಟಿಸಿದ ತರುವಾಯ ಆ ದೂತರ ಗತಿಯೇನು ಎಂದು ಕೇಳುವವರು ಮಾತ್ರ ವಿರಳ. ವಿಚಾರಿಸಿ ನೋಡಿದರೆ, ದೂತನು ಬರುವುದೆಷ್ಟು ಮುಖ್ಯವೋ ಅವನು ಹೊರಟುಹೋಗುವುದೂ ಅಷ್ಟೇ ಮುಖ್ಯ. ಹೋಗಬೇಕಾದವನು ಹೋಗದೆ, ಬಾಗಿಲಲ್ಲಿಯೇ ನಿಂತು ಅದೇ ಆಜ್ಞೆಯನ್ನು ಮತ್ತೆ ಮತ್ತೆ ಕೂಗುತ್ತಿದ್ದರೆ ಮನೆಯ ವ್ಯವಸ್ಥೆಯೆಲ್ಲ ಕೆಡುವುದು. ಆದುದರಿಂದ ಸ್ಟೆರಾಯ್ಡ್ ಎಂಬ ಒಂದು ವರ್ಗದ ಹಾರ್ಮೋನುಗಳನ್ನು ಶರೀರವು ಹೇಗೆ ಬೀಳ್ಕೊಡುತ್ತದೆ, ಆ ಕಾರ್ಯದಲ್ಲಿ ಎಲ್ಲೆಲ್ಲಿ ತೊಡಕುಂಟಾಗುತ್ತದೆ, ಅದರಿಂದ ಗೃಹಸ್ಥರು ತಿಳಿಯತಕ್ಕುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುವೆವು.

ಎಣ್ಣೆಯ ಜಾತಿಯ ರಸಗಳು

ಸ್ಟೆರಾಯ್ಡ್ ಎಂಬ ಹೆಸರನ್ನು ಕೇಳಿದೊಡನೆಯೇ ವೈದ್ಯರು ಬರೆದುಕೊಡುವ ಮಾತ್ರೆಯೋ, ಮೈಕಟ್ಟನ್ನು ಬೆಳೆಸಲು ಕೆಲವರು ಗುಟ್ಟಾಗಿ ಸೇವಿಸುವ ಮದ್ದೋ ನೆನಪಿಗೆ ಬರಬಹುದು. ಆದರೆ ಈ ವರ್ಗದ ವಸ್ತುಗಳು ಪ್ರತಿಯೊಬ್ಬರ ಶರೀರದಲ್ಲಿಯೂ ಸ್ವಾಭಾವಿಕವಾಗಿಯೇ ಹುಟ್ಟುತ್ತಿರುವುವು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಲ್ಲಿ ಕಾರ್ಟಿಸಾಲ್, ಆಲ್ಡೊಸ್ಟೆರೋನ್ ಮುಂತಾದುವೂ, ಸ್ತ್ರೀಯರ ಅಂಡಾಶಯಗಳಲ್ಲಿ ಈಸ್ಟ್ರಡಯೋಲ್ ಮತ್ತು ಪ್ರೊಜೆಸ್ಟೆರೋನ್ ಎಂಬುವೂ, ಪುರುಷರ ವೃಷಣಗಳಲ್ಲಿ ಟೆಸ್ಟೊಸ್ಟೆರೋನ್ ಎಂಬುದೂ ಉತ್ಪತ್ತಿಯಾಗುತ್ತವೆ. ಇವೆಲ್ಲವೂ ಕೊಲೆಸ್ಟೆರಾಲ್ ಎಂಬ ಒಂದೇ ಕೊಬ್ಬಿನ ವಸ್ತುವಿನಿಂದ ಹುಟ್ಟಿದ ದಾಯಾದಿಗಳು. ರಕ್ತದಲ್ಲಿ ಸಕ್ಕರೆಯ ಮತ್ತು ಉಪ್ಪಿನ ಹದ, ಸ್ತ್ರೀಯರ ಋತುಕ್ರಮ, ಗರ್ಭದ ಪೋಷಣೆ, ಪುರುಷರ ಮೀಸೆ ಗಡ್ಡಗಳ ಬೆಳವಣಿಗೆ ಇವೆಲ್ಲವೂ ಅವುಗಳ ಅಧೀನ.

ಕೊಬ್ಬಿನ ಸಂತತಿಯಾದುದರಿಂದ ಇವು ನೀರಿನಲ್ಲಿ ಸುಲಭವಾಗಿ ಕರಗಲಾರವು. ಇದು ಒಂದು ಬಗೆಯಲ್ಲಿ ಅನುಕೂಲವೇ ಸರಿ. ಜೀವಕೋಶಗಳ ಹೊರಪೊರೆಯೂ ಕೊಬ್ಬಿನಿಂದಾದುದರಿಂದ ಈ ರಸಗಳು ಅದರೊಳಕ್ಕೆ ಅಡ್ಡಿಯಿಲ್ಲದೆ ನುಸುಳಿ ತಮ್ಮ ಆಜ್ಞೆಯನ್ನು ಮುಟ್ಟಿಸುವುವು. ಆದರೆ ಹೊರಕ್ಕೆ ಹೋಗುವ ಕಾಲಕ್ಕೆ ಇದೇ ಗುಣವು ಅಡಚಣೆಯಾಗುವುದು. ರಕ್ತದಲ್ಲಿ ಇವು ಪ್ರೋಟೀನುಗಳಿಗೆ ಅಂಟಿಕೊಂಡು ಸಂಚರಿಸುವುದರಿಂದ ಮೂತ್ರಪಿಂಡದ ಜರಡಿಯಲ್ಲಿ ಹೆಚ್ಚಾಗಿ ಇಳಿಯುವುದಿಲ್ಲ. ಇಳಿದಷ್ಟಾದರೂ ಮೂತ್ರದ ನಾಳಿಕೆಗಳ ಗೋಡೆಯನ್ನು ದಾಟಿ ಹಿಂದಕ್ಕೆ ರಕ್ತವನ್ನೇ ಸೇರಿಬಿಡುವುವು.

ಅಭ್ಯಂಜನ ಮಾಡಿದವರಿಗೆ ಈ ಕಷ್ಟವು ತಿಳಿಯದುದಲ್ಲ. ತಲೆಗೆ ತಿಕ್ಕಿದ ಎಣ್ಣೆಯು ಬರಿಯ ನೀರನ್ನು ಎಷ್ಟು ಕೊಡ ಸುರಿದರೂ ಹೋಗುವುದಿಲ್ಲ. ಸೀಗೆಪುಡಿಯನ್ನು ಹಚ್ಚಿದರೆ ಕ್ಷಣಮಾತ್ರದಲ್ಲಿ ನೀರಿನೊಡನೆ ಹರಿದುಹೋಗುವುದು. ಇದಕ್ಕೆ ಕಾರಣವೇನೆಂದರೆ, ಸೀಗೆಯಲ್ಲಿ ನೊರೆ ಬರಿಸುವ ವಸ್ತುವಿನ ಒಂದು ತುದಿಯು ಎಣ್ಣೆಯನ್ನು ಹಿಡಿಯತಕ್ಕುದು. ಇನ್ನೊಂದು ತುದಿಯು ಸಕ್ಕರೆಯ ಜಾತಿಯದಾದುದರಿಂದ ನೀರನ್ನು ಹಿಡಿಯತಕ್ಕುದು. ನಮ್ಮ ಶರೀರವೂ ಇದನ್ನು ಹೋಲುವ ಉಪಾಯವನ್ನೇ ಮಾಡಿರುವುದು. ಎಣ್ಣೆಯ ಗುಣದ ಹಾರ್ಮೋನಿಗೆ ನೀರನ್ನು ಪ್ರೀತಿಸುವ ಒಂದು ತುಂಡನ್ನು ಬೆಸೆದು ಕಳುಹಿಸುವುದೇ ಆ ಉಪಾಯ.

ಯಕೃತ್ತಿನ ಎರಡು ಕೆಲಸಗಳು

ಈ ಬೆಸುಗೆಯ ಮುಖ್ಯ ಕಾರ್ಖಾನೆಯು ಯಕೃತ್ತು. ಕರುಳು, ಮೂತ್ರಪಿಂಡ ಮುಂತಾದ ಸ್ಥಳಗಳಲ್ಲಿಯೂ ಈ ಕೆಲಸವು ಸ್ವಲ್ಪಮಟ್ಟಿಗೆ ನಡೆಯುವುದಾದರೂ ಯಕೃತ್ತೇ ಅದಕ್ಕೆ ಹಿರಿಯ ಯಜಮಾನ. ಅಲ್ಲಿ ಹಾರ್ಮೋನಿಗೆ ಎರಡು ಸಂಸ್ಕಾರಗಳಾಗುವುವು. ಮೊದಲನೆಯದು ಅದರ ಶಕ್ತಿಯನ್ನು ಕಳೆಯುವುದು. ಕಿಣ್ವಗಳು ಹಾರ್ಮೋನಿನ ಅಣುವಿಗೆ ಕೆಲವು ಜಲಜನಕದ ಪರಮಾಣುಗಳನ್ನು ಸೇರಿಸಿಯೋ ಆಮ್ಲಜನಕವನ್ನು ಕೂಡಿಸಿಯೋ ಅದರ ಆಕಾರವನ್ನು ತುಸು ಬದಲಾಯಿಸುವುವು. ಹಲ್ಲು ಮುರಿದ ಬೀಗದ ಕೈ ಬೀಗಕ್ಕೆ ಹೊಂದದಿರುವಂತೆ, ಆಕಾರ ಬದಲಾದ ಹಾರ್ಮೋನು ಜೀವಕೋಶದಲ್ಲಿ ತನ್ನ ಸ್ಥಾನಕ್ಕೆ ಹೊಂದುವುದಿಲ್ಲ.

ಎರಡನೆಯದು ಬೆಸುಗೆಯ ಕೆಲಸ. ಇದಕ್ಕೆ ಶರೀರವು ಎರಡು ವಸ್ತುಗಳನ್ನು ಹೆಚ್ಚಾಗಿ ಉಪಯೋಗಿಸುವುದು. ಒಂದು, ದ್ರಾಕ್ಷಾಸಕ್ಕರೆಯಿಂದ ತಯಾರಾಗುವ ಗ್ಲುಕ್ಯುರೋನಿಕ್ ಆಮ್ಲ; ಇನ್ನೊಂದು, ಗಂಧಕದಿಂದಾದ ಸಲ್ಫೇಟು. ಇವುಗಳಲ್ಲೊಂದು ಅಂಟಿಕೊಂಡೊಡನೆಯೇ ಹಾರ್ಮೋನು ನೀರಿನಲ್ಲಿ ಕರಗುವ ಯೋಗ್ಯತೆಯನ್ನು ಪಡೆಯುವುದು. ಅನಂತರ ಜೀವಕೋಶಗಳ ಪೊರೆಯಲ್ಲಿರುವ ಪಂಪುಗಳಂತಹ ಪ್ರೋಟೀನುಗಳು ಅದನ್ನು ಹೊರಕ್ಕೆ ನೂಕುವುವು. ಹೊರಬಾಗಿಲುಗಳು ಎರಡು. ರಕ್ತದ ಮೂಲಕ ಮೂತ್ರಪಿಂಡಕ್ಕೆ ಹೋಗಿ ಮೂತ್ರದಲ್ಲಿ ಇಳಿಯುವುದು ಒಂದು ದಾರಿ. ಪಿತ್ತರಸದೊಡನೆ ಕರುಳಿಗೆ ಸೇರಿ ಮಲದಲ್ಲಿ ಹೋಗುವುದು ಇನ್ನೊಂದು.

ಉದಾಹರಣೆಗಾಗಿ ಕಾರ್ಟಿಸಾಲನ್ನು ನೋಡೋಣ. ರಕ್ತದಲ್ಲಿರುವ ಕಾರ್ಟಿಸಾಲಿನಲ್ಲಿ ಅರ್ಧ ಪಾಲು ಒಂದರಿಂದ ಒಂದೂವರೆ ಗಂಟೆಯೊಳಗೆ ಕಳೆದುಹೋಗುವುದು. ಹುಟ್ಟಿದ ರೂಪದಲ್ಲಿಯೇ ಮೂತ್ರದಲ್ಲಿ ಹೊರಬೀಳುವುದು ನೂರರಲ್ಲಿ ಸುಮಾರು ಒಂದು ಪಾಲು ಮಾತ್ರ. ಉಳಿದುದರ ಬಹುಭಾಗವು ಯಕೃತ್ತಿನಲ್ಲಿ ರೂಪಾಂತರ ಹೊಂದಿ ಗ್ಲುಕ್ಯುರೋನಿಕ್ ಆಮ್ಲದ ಬೆಸುಗೆಯೊಡನೆ ಹೋಗುವುದು. ಪ್ರೊಜೆಸ್ಟೆರೋನು ಪ್ರೆಗ್ನೇನ್‌ಡಯೋಲ್ ಎಂಬುದಾಗಿ ಮಾರ್ಪಟ್ಟು ಅದೇ ಬೆಸುಗೆಯನ್ನು ಪಡೆಯುವುದು. ಹೀಗೆ ಪ್ರತಿಯೊಂದಕ್ಕೂ ತನ್ನದೇ ಆದ ನಿರ್ಗಮನದ ವೇಷವುಂಟು.

ಆದರೆ ಬೆಸೆದುದೆಲ್ಲವೂ ಒಡನೆಯೇ ಹೊರಡುವುದೆಂದು ಭಾವಿಸಬಾರದು. ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ಡಿ. ಎಚ್. ಇ. ಎ. ಎಂಬ ಹಾರ್ಮೋನು ಬರಿಯ ರೂಪದಲ್ಲಿದ್ದರೆ ರಕ್ತದಿಂದ ಬೇಗನೆ ಮಾಯವಾಗುವುದು. ಸಲ್ಫೇಟಿನೊಡನೆ ಬೆಸೆದ ಮೇಲೆ ಅದೇ ವಸ್ತುವು ರಕ್ತದ ಪ್ರೋಟೀನನ್ನು ಬಿಗಿಯಾಗಿ ಹಿಡಿದುಕೊಂಡು ಹತ್ತಾರು ಗಂಟೆಗಳ ಕಾಲ ಸಂಚರಿಸುವುದು. ತರುಣರ ರಕ್ತದಲ್ಲಿ ಎಲ್ಲ ಸ್ಟೆರಾಯ್ಡ್ ಹಾರ್ಮೋನುಗಳಿಗಿಂತಲೂ ಹೆಚ್ಚಿನ ಪ್ರಮಾಣದಲ್ಲಿರುವುದು ಇದೇ. ಹೀಗೆ ಬೆಸುಗೆಯು ಒಮ್ಮೆ ಬೀಳ್ಕೊಡುಗೆಯಾದರೆ, ಇನ್ನೊಮ್ಮೆ ಕಣಜದಲ್ಲಿ ಧಾನ್ಯವನ್ನು ಕೂಡಿಟ್ಟಂತೆ ಶೇಖರಣೆಯಾಗುವುದು. ಬೇಕಾದಾಗ ಬೆಸುಗೆಯನ್ನು ಬಿಚ್ಚಿಕೊಳ್ಳಬಹುದು. ಮುಂದೆ ಹೇಳತಕ್ಕ ವಿಷಯಗಳಿಗೆಲ್ಲ ಈ ಮಾತೇ ಆಧಾರವಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಬಿಸಾಡುವ ವಸ್ತುವಿನಲ್ಲಿ ದೊರೆತ ನಿಧಿ

ಈ ಹಾರ್ಮೋನುಗಳನ್ನು ಮೊಟ್ಟಮೊದಲು ಶುದ್ಧರೂಪದಲ್ಲಿ ಕಂಡವರು ಅವುಗಳನ್ನು ಹುಡುಕಿದುದು ಮೂತ್ರದಲ್ಲಿಯೇ ಎಂಬುದು ಸ್ವಾರಸ್ಯವಾದ ಸಂಗತಿ. ೧೯೨೭ರಲ್ಲಿ ಜರ್ಮನಿಯ ಆಶ್‌ಹೈಮ್ ಮತ್ತು ಜೋಂಡೆಕ್ ಎಂಬ ವೈದ್ಯರು ಗರ್ಭಿಣಿಯರ ಮೂತ್ರದಲ್ಲಿ ಸ್ತ್ರೀ ಹಾರ್ಮೋನು ಸಮೃದ್ಧವಾಗಿರುವುದೆಂದು ತೋರಿಸಿದರು. ೧೯೨೯ರಲ್ಲಿ ಅಮೆರಿಕದ ಡಾಯ್ಸಿ ಮತ್ತು ಜರ್ಮನಿಯ ಬ್ಯೂಟೆನಾಂಟ್ ಎಂಬ ವಿದ್ವಾಂಸರು ಬೇರೆಬೇರೆಯಾಗಿ ಕೆಲಸಮಾಡಿ ಅದರಿಂದ ಈಸ್ಟ್ರೋನ್ ಎಂಬ ಹಾರ್ಮೋನನ್ನು ಹರಳಿನ ರೂಪದಲ್ಲಿ ಪಡೆದರು. ೧೯೩೧ರಲ್ಲಿ ಬ್ಯೂಟೆನಾಂಟರು ಪೋಲೀಸಿನವರಿಂದ ಸಂಗ್ರಹಿಸಿದ ಸುಮಾರು ೧೫,೦೦೦ ಲೀಟರು ಮೂತ್ರದಿಂದ ಆಂಡ್ರೊಸ್ಟೆರೋನ್ ಎಂಬ ಪುರುಷ ಹಾರ್ಮೋನನ್ನು ಬೇರ್ಪಡಿಸಿದರು. ಅಷ್ಟು ಪರಿಶ್ರಮದ ಫಲವಾಗಿ ಕೈಗೆ ಬಂದುದು ೧೫ ಮಿಲಿಗ್ರಾಮು! ೧೯೩೯ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಆದರೆ ಅಂದಿನ ಜರ್ಮನ್ ಸರ್ಕಾರದ ನಿರ್ಬಂಧದಿಂದ ಅವರು ಆಗ ಅದನ್ನು ಸ್ವೀಕರಿಸಲಾಗಲಿಲ್ಲ.

ಮೂತ್ರಕ್ಕೆ ಆಮ್ಲವನ್ನು ಸೇರಿಸಿ ಕಾಯಿಸಿದರೆ ಹಾರ್ಮೋನು ಹೆಚ್ಚಾಗಿ ದೊರೆಯುವುದೆಂಬುದು ಈ ಸಂಶೋಧಕರ ಅನುಭವಕ್ಕೆ ಬಂದಿತು. ಕಾರಣವು ಈಗ ಸ್ಪಷ್ಟವಾಗಿರುವುದು: ಆಮ್ಲವೂ ಬಿಸಿಯೂ ಸೇರಿ ಬೆಸುಗೆಯನ್ನು ಬಿಚ್ಚುತ್ತಿದ್ದುವು. ೧೯೩೬ರಲ್ಲಿ ಮಾಂಟ್ರಿಯಲ್ ನಗರದ ವೆನ್ನಿಂಗ್ ಮತ್ತು ಬ್ರೌನ್ ಎಂಬುವರು ಪ್ರೆಗ್ನೇನ್‌ಡಯೋಲನ್ನು ಅದರ ಬೆಸುಗೆಯೊಡನೆಯೇ ಮೂತ್ರದಿಂದ ಬೇರ್ಪಡಿಸಿದರು. ೧೯೩೮ರಲ್ಲಿ ಶಾಕ್ಟರ್ ಮತ್ತು ಮಾರಿಯನ್ ಎಂಬುವರು ಗಬ್ಬದ ಕುದುರೆಯ ಮೂತ್ರದಲ್ಲಿ ಈಸ್ಟ್ರೋನ್ ಸಲ್ಫೇಟನ್ನು ಕಂಡರು. ಇದಾದ ಕೆಲವೇ ವರ್ಷಗಳಲ್ಲಿ, ೧೯೪೨ರಲ್ಲಿ, ಅಮೆರಿಕದಲ್ಲಿ ಪ್ರೆಮಾರಿನ್ ಎಂಬ ಔಷಧವು ಮಾರಾಟಕ್ಕೆ ಬಂದಿತು. ಮುಟ್ಟು ನಿಂತ ಸ್ತ್ರೀಯರ ತೊಂದರೆಗಳಿಗೆ ಕೊಡುವ ಈ ಔಷಧದ ಹೆಸರೇ ‘ಗಬ್ಬದ ಕುದುರೆಯ ಮೂತ್ರ’ ಎಂಬ ಅರ್ಥದ ಇಂಗ್ಲಿಷ್ ಪದಗಳಿಂದ ಮಾಡಿದುದು. ಕುದುರೆಯ ಶರೀರವು ಬೇಡವೆಂದು ಬೆಸೆದು ಹೊರಹಾಕಿದ ವಸ್ತುವು ಮನುಷ್ಯರ ಶರೀರದಲ್ಲಿ ಬೆಸುಗೆ ಬಿಚ್ಚಿಕೊಂಡು ಮತ್ತೆ ಹಾರ್ಮೋನಾಗಿ ಕೆಲಸಮಾಡುವುದು ಆಶ್ಚರ್ಯಕರವಲ್ಲವೆ?

ಹೊರಗೆ ಹೋದುದನ್ನು ನೋಡಿ ಒಳಗಿನ ವರ್ತಮಾನವನ್ನು ತಿಳಿಯುವ ಕ್ರಮವು ಇಂದಿಗೂ ನಡೆದಿರುವುದು. ಅಂಡೋತ್ಪತ್ತಿಯಾಯಿತೇ ಇಲ್ಲವೇ ಎಂಬುದನ್ನು ಪ್ರೆಗ್ನೇನ್‌ಡಯೋಲಿನ ಬೆಸುಗೆಯಿಂದ ಮನೆಯಲ್ಲಿಯೇ ಪರೀಕ್ಷಿಸುವ ಪಟ್ಟಿಗಳು ಬಂದಿವೆ. ಕಾಡಿನ ಆನೆಯನ್ನು ಹಿಡಿದು ರಕ್ತ ತೆಗೆಯುವುದು ಯಾರಿಂದಾದೀತು? ಆದರೆ ಅದರ ಲದ್ದಿಯು ದಾರಿಯಲ್ಲಿಯೇ ಬಿದ್ದಿರುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬಂಡೀಪುರ, ಮುದುಮಲೆ ಪ್ರಾಂತದ ಕಾಡಾನೆಗಳ ಲದ್ದಿಯಲ್ಲಿ ಕಾರ್ಟಿಸಾಲಿನ ವರ್ಗದ ಹಾರ್ಮೋನುಗಳ ಅವಶೇಷಗಳನ್ನು ಅಳೆದು, ಮೈ ಸೊರಗಿದ ಆನೆಗಳಲ್ಲಿ ಅವು ಹೆಚ್ಚಾಗಿರುವುವೆಂದು ೨೦೧೭ರಲ್ಲಿ ಪ್ರಕಟಿಸಿದರು. ಆ ಮೂಕಪ್ರಾಣಿಯ ಸಂಕಟವು ಲದ್ದಿಯ ಮೂಲಕ ಮಾತಾಡಿತೆನ್ನಬಹುದು.

ಆದರೆ ಎಲ್ಲರ ಶರೀರವೂ ಒಂದೇ ಸಮನಾಗಿ ಬೆಸೆಯುವುದಿಲ್ಲ. ಆಟಗಾರರು ಟೆಸ್ಟೊಸ್ಟೆರೋನನ್ನು ಚುಚ್ಚಿಸಿಕೊಂಡಿರುವರೇ ಎಂಬುದನ್ನು ಅವರ ಮೂತ್ರದಲ್ಲಿನ ಬೆಸುಗೆಗಳಿಂದ ಕಂಡುಹಿಡಿಯುವರು. ಟೆಸ್ಟೊಸ್ಟೆರೋನಿಗೆ ಗ್ಲುಕ್ಯುರೋನಿಕ್ ಆಮ್ಲವನ್ನು ಅಂಟಿಸುವ ಒಂದು ಮುಖ್ಯ ಕಿಣ್ವವು ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಪೂರ್ವ ಏಷ್ಯದ ಜನರಲ್ಲಿ ಇಂತಹವರು ಬಹಳ. ೨೦೦೮ರಲ್ಲಿ ಪ್ರಕಟವಾದ ಸ್ವೀಡನಿನ ಪರೀಕ್ಷೆಯಲ್ಲಿ, ಇಂತಹ ಕೆಲವರು ಚುಚ್ಚಿಸಿಕೊಂಡ ಮೇಲೆಯೂ ತಪ್ಪಿತಸ್ಥರೆಂದು ತೋರುವ ಮಿತಿಯನ್ನು ಮುಟ್ಟಲೇ ಇಲ್ಲ. ಆದುದರಿಂದ ಈಗ ಒಬ್ಬೊಬ್ಬ ಆಟಗಾರನ ಫಲಿತಾಂಶವನ್ನು ಅವನದೇ ಹಿಂದಿನ ಫಲಿತಾಂಶಗಳೊಡನೆ ಹೋಲಿಸುವ ಪದ್ಧತಿಯುಂಟಾಗಿದೆ.

ಬೆಸುಗೆ ಬಿಚ್ಚುವ ಸ್ಥಳಗಳು

ಪಿತ್ತರಸದೊಡನೆ ಕರುಳಿಗೆ ಇಳಿದ ಹಾರ್ಮೋನಿನ ಕಥೆಯು ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ಕರುಳು ಕೋಟ್ಯಂತರ ಸೂಕ್ಷ್ಮಜೀವಿಗಳ ಬೀಡು. ಅವುಗಳಲ್ಲಿ ಹಲವಕ್ಕೆ ಗ್ಲುಕ್ಯುರೋನಿಕ್ ಆಮ್ಲದ ಬೆಸುಗೆಯನ್ನು ಕತ್ತರಿಸುವ ಕಿಣ್ವವುಂಟು. ಕತ್ತರಿಸಿದ ಆಮ್ಲವನ್ನು ಅವು ತಮ್ಮ ಆಹಾರವನ್ನಾಗಿ ಮಾಡಿಕೊಳ್ಳುವುವು. ಬಿಡುಗಡೆಯಾದ ಹಾರ್ಮೋನು ಪುನಃ ಎಣ್ಣೆಯ ಗುಣವನ್ನು ಪಡೆದು, ಕರುಳಿನ ಗೋಡೆಯನ್ನು ದಾಟಿ, ರಕ್ತದ ಮೂಲಕ ಯಕೃತ್ತಿಗೆ ಹಿಂದಿರುಗುವುದು. ಯಕೃತ್ತು ಅದನ್ನು ಮತ್ತೆ ಬೆಸೆದು ಕಳುಹಿಸುವುದು. ಸ್ತ್ರೀ ಹಾರ್ಮೋನುಗಳಲ್ಲಿ ಒಂದು ದೊಡ್ಡ ಭಾಗವು ಹೀಗೆ ಕಡೆಯದಾಗಿ ಹೊರಬೀಳುವುದಕ್ಕೆ ಮೊದಲು ಏತದ ಬಾನಿಯಂತೆ ಕೆಳಕ್ಕಿಳಿದು ಮೇಲಕ್ಕೇರುತ್ತಿರುವುದು.

ಬೆಸುಗೆಯನ್ನು ಬಿಚ್ಚುವ ಇನ್ನೊಂದು ಸ್ಥಳವೆಂದರೆ ಗರ್ಭಿಣಿಯ ಮಾಸು. ಗರ್ಭಸ್ಥ ಶಿಶುವಿನ ಅಡ್ರಿನಲ್ ಗ್ರಂಥಿಯು ಡಿ. ಎಚ್. ಇ. ಎ. ಸಲ್ಫೇಟನ್ನು ಧಾರಾಳವಾಗಿ ತಯಾರಿಸುವುದು. ಬೆಸೆದಿರುವ ಕಾರಣ ಅದು ಶಿಶುವಿಗೆ ತೊಂದರೆಯನ್ನುಂಟುಮಾಡದೆ ಮಾಸಿಗೆ ಹೋಗಿ ಸೇರುವುದು. ಅಲ್ಲಿ ಸಲ್ಫೇಟಿನ ಬೆಸುಗೆ ಬಿಚ್ಚಲ್ಪಟ್ಟು, ಅದರಿಂದ ಈಸ್ಟ್ರಿಯೋಲ್ ಎಂಬ ಸ್ತ್ರೀ ಹಾರ್ಮೋನು ಸಿದ್ಧವಾಗುವುದು. ಅದನ್ನು ತಾಯಿಯ ಯಕೃತ್ತು ಮತ್ತೆ ಬೆಸೆದು ಮೂತ್ರದಲ್ಲಿ ಕಳುಹಿಸುವುದು. ತಾಯಿಯೂ ಮಗುವೂ ಮಾಸೂ ಕೂಡಿ ಮಾಡುವ ಈ ಒಕ್ಕಲುತನದಲ್ಲಿ ಒಬ್ಬರಿಲ್ಲದೆ ಒಬ್ಬರಿಲ್ಲ.

ಮಾಸಿನಲ್ಲಿ ಸಲ್ಫೇಟನ್ನು ಬಿಚ್ಚುವ ಕಿಣ್ವವೇ ಇಲ್ಲದೆ ಹೋದರೆ ಏನಾಗುವುದು? ನ್ಯೂಜಿಲೆಂಡಿನ ಫ್ರಾನ್ಸ್ ಮತ್ತು ಲಿಗ್ಗಿನ್ಸ್ ಎಂಬುವರು ೧೯೬೯ರಲ್ಲಿ ಇಂತಹ ಸಂದರ್ಭವನ್ನು ವರ್ಣಿಸಿದರು. ತಾಯಿಯಲ್ಲಿ ಈಸ್ಟ್ರಿಯೋಲು ಬಹಳ ಕಡಮೆಯಾಗಿರುವುದು. ಕೆಲವು ವೇಳೆ ಪ್ರಸವವು ಸಕಾಲದಲ್ಲಿ ತಾನಾಗಿ ಆರಂಭವಾಗುವುದಿಲ್ಲ. ಇಂತಹ ಗರ್ಭದಿಂದ ಹುಟ್ಟಿದ ಗಂಡುಮಕ್ಕಳ ಚರ್ಮವು ಕೆಲವು ತಿಂಗಳುಗಳಲ್ಲಿ ಒಣಗಿ, ಮೀನಿನ ಪೊರೆಯಂತೆ ಕಂದು ಬಣ್ಣದ ಚಕ್ಕೆಗಳಿಂದ ಕೂಡುವುದೆಂದೂ, ಎರಡಕ್ಕೂ ಕಾರಣವು ಒಂದೇ ಕಿಣ್ವದ ಅಭಾವವೆಂದೂ ೧೯೭೮ರಲ್ಲಿ ತಿಳಿದುಬಂದಿತು. ಚರ್ಮದಲ್ಲಿ ಕೊಲೆಸ್ಟೆರಾಲಿನ ಸಲ್ಫೇಟು ಬಿಚ್ಚಲ್ಪಡದೆ ಉಳಿದು, ಹಳೆಯ ಪದರವು ಉದುರದಂತೆ ಮಾಡುವುದೇ ಈ ಚಕ್ಕೆಗಳ ಮೂಲ. ಈ ದೋಷವು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರತಕ್ಕುದು. ಇಂತಹ ಮಗುವನ್ನು ಕಂಡು ಪೂರ್ವಜನ್ಮದ ಪಾಪವೆಂದೋ ಸರ್ಪದೋಷವೆಂದೋ ತಾಯಿಯನ್ನು ನೋಯಿಸುವವರು ಈ ಸಂಗತಿಯನ್ನು ತಿಳಿಯಬೇಕು. ಒಂದು ಬೆಸುಗೆ ಬಿಚ್ಚಲಿಲ್ಲ, ಅಷ್ಟೇ ಹೊರತು ಯಾರ ಪಾಪವೂ ಅಲ್ಲಿಲ್ಲ. ಚರ್ಮವನ್ನು ಮೃದುಪಡಿಸುವ ಲೇಪಗಳಿಂದ ಅಂತಹ ಮಕ್ಕಳಿಗೆ ಎಷ್ಟೋ ಹಿತವಾಗುವುದು.

ಮನೆಯವರು ತಿಳಿಯತಕ್ಕುವು

ಈ ಶಾಸ್ತ್ರವಿಚಾರದಿಂದ ಗೃಹಕೃತ್ಯಕ್ಕೆ ಏನು ಪ್ರಯೋಜನವೆಂದು ಕೇಳಬಹುದು. ಮೂರು ಸಂಗತಿಗಳನ್ನು ಹೇಳುವೆವು.

ಮೊದಲನೆಯದು ಗರ್ಭಿಣಿಯರ ತುರಿಕೆಯನ್ನು ಕುರಿತದ್ದು. ಗರ್ಭದ ಕಡೆಯ ತಿಂಗಳುಗಳಲ್ಲಿ ಹಾರ್ಮೋನುಗಳ ಉತ್ಪತ್ತಿಯು ಬಹಳವಾಗುವುದರಿಂದ ಬೆಸುಗೆಗಳೂ ವಿಶೇಷವಾಗಿ ಹೆಚ್ಚುವುವು. ಕೆಲವು ಸ್ತ್ರೀಯರಲ್ಲಿ, ಅದರಲ್ಲಿಯೂ ವಂಶಪಾರಂಪರ್ಯವಾಗಿ ಆ ಪ್ರವೃತ್ತಿಯುಳ್ಳವರಲ್ಲಿ, ಈ ಬೆಸುಗೆಗಳು ಯಕೃತ್ತಿನಿಂದ ಪಿತ್ತವನ್ನು ಹೊರದೂಡುವ ಪಂಪುಗಳಿಗೆ ಅಡ್ಡಿಯಾಗುವುವು. ಆಗ ಪಿತ್ತದ ಆಮ್ಲಗಳು ರಕ್ತದಲ್ಲಿ ಏರುವುವು. ಮೈಮೇಲೆ ಗುಳ್ಳೆಗಳಿಲ್ಲದೆ, ಮುಖ್ಯವಾಗಿ ಅಂಗೈ ಅಂಗಾಲುಗಳಲ್ಲಿ, ರಾತ್ರಿಯ ಹೊತ್ತು ಹೆಚ್ಚಾಗಿ ತುರಿಕೆಯುಂಟಾಗುವುದು ಇದರ ಲಕ್ಷಣ. “ಬಸುರಿಗೆ ಉಷ್ಣವಾಗಿದೆ” ಎಂದು ಹೇಳಿ, ಎಣ್ಣೆ ಹಚ್ಚಿ ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ವಾಡಿಕೆ. ಹಾಗೆ ಮಾಡದೆ ವೈದ್ಯರಿಗೆ ತಿಳಿಸಿ, ರಕ್ತದಲ್ಲಿ ಪಿತ್ತಾಮ್ಲದ ಪರೀಕ್ಷೆಯನ್ನು ಮಾಡಿಸಬೇಕು. ಅದು ಲೀಟರಿಗೆ ೧೦೦ ಮೈಕ್ರೊಮೋಲಿನಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ, ಮಗುವು ಗರ್ಭದಲ್ಲಿಯೇ ಮೃತವಾಗುವ ಅಪಾಯವು ಹೆಚ್ಚುವುದೆಂದು ೨೦೧೯ರಲ್ಲಿ ಅನೇಕ ದೇಶಗಳ ಸ್ತ್ರೀಯರ ವಿವರಗಳನ್ನು ಕೂಡಿಸಿ ನೋಡಿದಾಗ ಸ್ಪಷ್ಟವಾಯಿತು. ಅಷ್ಟು ಏರದವರಿಗೆ ಆ ಭಯವು ಕಡಮೆ. ಯಾವ ಸ್ಥಿತಿಯೆಂಬುದು ಪರೀಕ್ಷೆಯಿಂದಲ್ಲದೆ ತಿಳಿಯದು. ತಿಳಿದರೆ ಪ್ರಸವದ ಕಾಲವನ್ನು ವೈದ್ಯರು ಯೋಚಿಸಿ ಗೊತ್ತುಮಾಡಬಲ್ಲರು. ಹೆರಿಗೆಯಾದ ಮೇಲೆ ತುರಿಕೆಯು ತಾನಾಗಿಯೇ ಅಡಗುವುದು.

ಎರಡನೆಯದು ಕ್ಷಯರೋಗದ ಔಷಧವನ್ನು ಕುರಿತದ್ದು. ರಿಫಾಂಪಿಸಿನ್ ಎಂಬ ಔಷಧವು ಆ ರೋಗಕ್ಕೆ ಕೊಡುವ ಆರು ತಿಂಗಳ ಚಿಕಿತ್ಸೆಯ ಒಂದು ಆಧಾರಸ್ತಂಭ. ಆದರೆ ಅದು ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ, ಹಾರ್ಮೋನುಗಳನ್ನು ಬೇಗಬೇಗನೆ ಹೊರಗಟ್ಟುವಂತೆ ಮಾಡುವುದು. ಗರ್ಭನಿರೋಧಕ ಮಾತ್ರೆಗಳಲ್ಲಿರುವುವೂ ಸ್ಟೆರಾಯ್ಡ್ ಹಾರ್ಮೋನುಗಳೇ ಆದುದರಿಂದ, ಈ ಔಷಧವನ್ನು ಸೇವಿಸುವ ಸ್ತ್ರೀಯರಲ್ಲಿ ಆ ಮಾತ್ರೆಗಳ ಬಲವು ಕುಗ್ಗುವುದು. ಇದು ೧೯೭೧ರಿಂದಲೂ ತಿಳಿದ ವಿಷಯ. ಚಿಕಿತ್ಸೆಯ ಕಾಲದಲ್ಲಿಯೂ ಅದು ಮುಗಿದ ಮೇಲೆ ನಾಲ್ಕು ವಾರಗಳವರೆಗೂ ಬೇರೆ ವಿಧಾನವನ್ನು ಅನುಸರಿಸಬೇಕೆಂದು ವೈದ್ಯರು ಹೇಳುತ್ತಾರೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮುಂತಾದ ಔಷಧಗಳಿಗೂ ಈ ಗುಣವುಂಟು. ಹಾಗೆಂದು ಕ್ಷಯದ ಔಷಧವನ್ನಾಗಲಿ ಮೂರ್ಛೆಯ ಔಷಧವನ್ನಾಗಲಿ ತಾವಾಗಿಯೇ ನಿಲ್ಲಿಸುವುದು ಮಹಾಪಾಯಕರ. ತಾವು ಸೇವಿಸುವ ಎಲ್ಲ ಮಾತ್ರೆಗಳನ್ನೂ ಸಂಕೋಚಪಡದೆ ವೈದ್ಯರಿಗೆ ತಿಳಿಸುವುದೇ ಸರಿಯಾದ ಮಾರ್ಗ.

ಮ���ರನೆಯದು ನಮ್ಮ ಅಡುಗೆಯ ಮನೆಯ ಮದ್ದಿನ ಡಬ್ಬಿಯಲ್ಲಿರುವ ಜ್ಯೇಷ್ಠಮಧು. ಕೆಮ್ಮು ಗಂಟಲುನೋವುಗಳಿಗೆ ಇದರ ಚೂರನ್ನು ಬಾಯಲ್ಲಿಟ್ಟುಕೊಳ್ಳುವುದು ಹಳೆಯ ರೂಢಿ. ಅಪರೂಪಕ್ಕೆ ಹಾಗೆ ಮಾಡುವುದರಿಂದ ಬಾಧೆಯಿಲ್ಲ. ಇದರ ಸಿಹಿಯ ಸತ್ತ್ವವಾದ ಗ್ಲಿಸಿರೈಜಿನ್ ಎಂಬುದೂ ಗ್ಲುಕ್ಯುರೋನಿಕ್ ಆಮ್ಲದ ಬೆಸುಗೆಯುಳ್ಳ ಒಂದು ವಸ್ತುವೇ. ನುಂಗಿದ ಮೇಲೆ ಕರುಳಿನ ಅದೇ ಸೂಕ್ಷ್ಮಜೀವಿಗಳು ಆ ಬೆಸುಗೆಯನ್ನು ಬಿಚ್ಚುವುವು. ಬಿಡುಗಡೆಯಾದ ವಸ್ತುವು ರಕ್ತವನ್ನು ಸೇರಿ, ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಶ್ಶಕ್ತಗೊಳಿಸುವ ಕಿಣ್ವವನ್ನು ತಡೆಯುವುದು. ಆಗ ಕಾರ್ಟಿಸಾಲು ಆಲ್ಡೊಸ್ಟೆರೋನಿನ ಅಧಿಕಾರವನ್ನು ತಾನೇ ವಹಿಸಿಕೊಂಡು, ಉಪ್ಪನ್ನು ಶರೀರದಲ್ಲಿ ಉಳಿಸಿ ಪೊಟ್ಯಾಸಿಯಮನ್ನು ಹೊರಗೆ ಕಳುಹಿಸುವುದು. ದಿನವೂ ಹೆಚ್ಚಾಗಿ ಸೇವಿಸುವವರಲ್ಲಿ ರಕ್ತದ ಒತ್ತಡವು ಏರಿ, ಸ್ನಾಯುಗಳು ದುರ್ಬಲವಾಗಿ, ಹೃದಯದ ಬಡಿತವು ತಪ್ಪುವುದೂ ಉಂಟು. ರಕ್ತದೊತ್ತಡವುಳ್ಳವರು, ಹೃದಯರೋಗಿಗಳು ಮತ್ತು ಗರ್ಭಿಣಿಯರು ಜ್ಯೇಷ್ಠಮಧುವಿನ ಕಷಾಯವನ್ನು ನಿತ್ಯಸೇವನೆ ಮಾಡದಿರುವುದು ಮೇಲು. ಬೇರಿನ ಮದ್ದಾದುದರಿಂದ ಕೆಡಕಿಲ್ಲವೆಂದು ನಂಬುವುದು ಸರಿಯಲ್ಲ.

ಇವುಗಳೊಡನೆ ಯಕೃತ್ತನ್ನು ಕಾಪಾಡಿಕೊಳ್ಳುವ ಹಳೆಯ ಉಪದೇಶವನ್ನೂ ನೆನೆಯಬೇಕು. ಮದ್ಯಪಾನದಿಂದ ಯಕೃತ್ತು ಗಡುಸಾಗಿ ಕುಗ್ಗಿದ ಪುರುಷರಲ್ಲಿ ಅಂಗೈ ಕೆಂಪಾಗುವುದೂ ಎದೆಯು ಸ್ತ್ರೀಯರಂತೆ ಉಬ್ಬುವುದೂ ಕಂಡುಬರುವುದು. ಇದಕ್ಕೆ ಹಲವು ಕಾರಣಗಳು ಕೂಡುವುವಾದರೂ, ಹಾರ್ಮೋನುಗಳನ್ನು ಬೀಳ್ಕೊಡುವ ಶಕ್ತಿಯು ಕುಂದುವುದೂ ಅವುಗಳಲ್ಲೊಂದು.

ಹೊಳೆಗೆ ಸೇರಿದ ಮೇಲೆ

ಮನೆಯ ಬಚ್ಚಲಿನಿಂದ ಚರಂಡಿಗೂ ಚರಂಡಿಯಿಂದ ಹೊಳೆಗೂ ಸೇರಿದ ಮೇಲೆ ಹಾರ್ಮೋನುಗಳ ಕಥೆ ಮುಗಿಯಿತೆಂದು ಬಹುಕಾಲ ಎಲ್ಲರೂ ಭಾವಿಸಿದ್ದರು. ೧೯೭೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಗಾಳ ಹಾಕುವವರು, ಕೊಳಚೆನೀರನ್ನು ಶುದ್ಧಿಮಾಡಿ ಬಿಡುವ ಕೊಳಗಳಲ್ಲಿ ಗಂಡು ಹೆಣ್ಣು ಎರಡರ ಲಕ್ಷಣಗಳೂ ಇರುವ ಮೀನುಗಳನ್ನು ಕಂಡರು. ತರುವಾಯ ಅಲ್ಲಿನ ಸಂಶೋಧಕರು ಅಂತಹ ನೀರಿನಲ್ಲಿ ಪಂಜರದಲ್ಲಿಟ್ಟ ಮೀನುಗಳ ರಕ್ತದಲ್ಲಿ ಮೊಟ್ಟೆಯ ಹಳದಿಯ ಪ್ರೋಟೀನು ಅತಿಶಯವಾಗಿ ಏರುವುದೆಂದೂ, ಗಂಡುಮೀನುಗಳೂ ಇದಕ್ಕೆ ಹೊರತಲ್ಲವೆಂದೂ ತೋರಿಸಿ, ೧೯೯೪ರಲ್ಲಿ ಅದನ್ನು ಪ್ರಕಟಿಸಿದರು. ಆ ನೀರಿನಲ್ಲಿರುವ ದೋಷಕಾರಿಗಳು ಈಸ್ಟ್ರೋನ್, ಈಸ್ಟ್ರಡಯೋಲ್ ಮತ್ತು ಗರ್ಭನಿರೋಧಕ ಮಾತ್ರೆಯ ಇಥಿನೈಲ್ ಈಸ್ಟ್ರಡಯೋಲ್ ಎಂಬುವೆಂದು ೧೯೯೮ರಲ್ಲಿ ನಿರ್ಧರವಾಯಿತು.

ಜನರ ಮೂತ್ರದಲ್ಲಿ ಹೋದುವು ಬೆಸೆದ, ಶಕ್ತಿಯಿಲ್ಲದ ವಸ್ತುಗಳಲ್ಲವೆ? ಅವು ಮೀನನ್ನು ಹೇಗೆ ಕೆಡಿಸಿದುವು? ಉತ್ತರವನ್ನು ವಾಚಕರು ಆಗಲೇ ಊಹಿಸಿರಬಹುದು. ಮಲದೊಡನೆ ಚರಂಡಿಗೆ ಸೇರಿದ ಸೂಕ್ಷ್ಮಜೀವಿಗಳು ಅಲ್ಲಿಯೂ ತಮ್ಮ ಕಸುಬನ್ನು ಬಿಡಲಿಲ್ಲ. ದಾರಿಯುದ್ದಕ್ಕೂ ಬೆಸುಗೆಗಳನ್ನು ಬಿಚ್ಚುತ್ತ ಹಾರ್ಮೋನುಗಳಿಗೆ ಪೂರ್ವದ ಶಕ್ತಿಯನ್ನು ಕೊಟ್ಟುವು.

ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಪ್ರಯೋಗಕ್ಕೆಂದೇ ಮೀಸಲಾದ ಕೆಲವು ಸರೋವರಗಳುಂಟು. ಅವುಗಳಲ್ಲೊಂದಕ್ಕೆ ೨೦೦೧ರಿಂದ ೨೦೦೩ರವರೆಗೆ ಮಾತ್ರೆಯ ಹಾರ್ಮೋನನ್ನು ಲೀಟರಿಗೆ ೫-೬ ನ್ಯಾನೊಗ್ರಾಮಿನಷ್ಟು ಇರುವಂತೆ ಸೇರಿಸಿದರು. ಒಂದು ನ್ಯಾನೊಗ್ರಾಮೆಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಇಷ್ಟು ಅಲ್ಪವಾದ ಹಾರ್ಮೋನಿನಿಂದ ಅಲ್ಲಿನ ಒಂದು ಜಾತಿಯ ಸಣ್ಣ ಮೀನಿನ ಸಂತತಿಯು ಹೆಚ್ಚುಕಡಮೆ ನಿರ್ನಾಮವಾಯಿತೆಂದು ೨೦೦೭ರಲ್ಲಿ ಪ್ರಕಟವಾಯಿತು. ಸಮಾಧಾನದ ಸಂಗತಿಯೆಂದರೆ, ಸೇರಿಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಆ ಮೀನು ಮತ್ತೆ ಚೇತರಿಸಿಕೊಂಡಿತು. ಕೊಳಚೆನೀರನ್ನು ಸೂಕ್ಷ್ಮಜೀವಿಗಳ ಮೂಲಕ ಸಾಕಷ್ಟು ಕಾಲ ಶುದ್ಧಿಮಾಡಿದರೆ ಬಿಡುಗಡೆಯಾದ ಹಾರ್ಮೋನುಗಳಲ್ಲಿ ಬಹುಭಾಗವು ಅಲ್ಲಿಯೇ ಒಡೆದುಹೋಗುವುವು. ಬೆಸುಗೆಯನ್ನು ಬಿಚ್ಚಿದ ಜೀವಿಗಳ ಬಳಗವೇ, ಅವಕಾಶ ದೊರೆತರೆ, ಹಾರ್ಮೋನನ್ನೂ ಜೀರ್ಣಿಸಿಬಿಡಬಲ್ಲುದು. ಊರಿನ ಕೊಳಚೆಯನ್ನು ಹಾಗೆಯೇ ಕೆರೆಗೆ ಬಿಡದೆ ಶುದ್ಧಿಮಾಡಿ ಬಿಡಬೇಕೆಂಬುದಕ್ಕೆ ಇದೂ ಒಂದು ಕಾರಣ.

ಶರೀರವು ತನ್ನ ಪಾಲಿನ ವಿಸರ್ಜನೆಯನ್ನು ಯಾರೂ ಹೇಳದೆಯೇ ಮಾಡಿಕೊಳ್ಳುತ್ತಿರುವುದು. ಅದಕ್ಕೆ ನಾವು ಮಾಡಬಹುದಾದ ಸಹಾಯವು ಸ್ವಲ್ಪವೇ ಆದರೂ ಮುಖ್ಯವಾದುದು. ಯಕೃತ್ತಿಗೆ ಕೇಡನ್ನು ತರುವ ಚಟಗಳನ್ನು ಬಿಡುವುದು, ಗರ್ಭಿಣಿಯ ತುರಿಕೆಯನ್ನು ಅಲಕ್ಷ್ಯಮಾಡದಿರುವುದು, ವೈದ್ಯರಿಂದ ಔಷಧಗಳ ವಿಷಯವನ್ನು ಮುಚ್ಚಿಡದಿರುವುದು, ಉಳಿದ ಮಾತ್ರೆಗಳನ್ನು ಬಚ್ಚಲಿಗೆ ಸುರಿಯದಿರುವುದು ಇಷ್ಟನ್ನು ಪ್ರತಿಯೊಂದು ಮನೆಯಲ್ಲಿಯೂ ಪಾಲಿಸಬಹುದು. ಇವುಗಳಲ್ಲಿ ಒಂದಕ್ಕೂ ಹೆಚ್ಚಿನ ಖರ್ಚಿಲ್ಲ; ಮನೆಯವರ ಗಮನವೊಂದಿದ್ದರೆ ಸಾಕು.